ಆನ್‌ಲೈನ್ ಥೆರಪಿ, ಟೆಲಿಕೌನ್ಸೆಲಿಂಗ್, ಆ್ಯಪ್ ಕೋರ್ಸ್: ಯಾವುದು ಯಾರಿಗೆ ಸರಿ?

"ಆನ್‌ಲೈನ್ ಥೆರಪಿ ತಗೋಬೇಕು ಅಂತಿದ್ದೀನಿ, ಯಾವುದು ಒಳ್ಳೇದು?" ಮಂಡ್ಯದ ಕಾಲೇಜೊಂದರಲ್ಲಿ ಪಾಠ ಮಾಡುವ ನನಗೆ ವಿದ್ಯಾರ್ಥಿಗಳು ಈ ಪ್ರಶ್ನೆ ಕೇಳುತ್ತಾರೆ. ಅವರ ಅಪ್ಪ ಅಮ್ಮ ಕೇಳುತ್ತಾರೆ, ಸ್ಟಾಫ್ ರೂಮಿನಲ್ಲಿ ಪಕ್ಕದಲ್ಲಿ ಕೂರುವವರೂ ಕೇಳುತ್ತಾರೆ. ನಾನು ಮೊದಲು ವಾಪಸ್ ಕೇಳುವುದು ಒಂದೇ ಮಾತು: ಆ ಕಡೆ ಯಾರಿರ್ತಾರೆ ಅಂತ ನೋಡಿದ್ರಾ?

ಬಹಳ ಜನ ನೋಡಿರುವುದಿಲ್ಲ. ಅವರನ್ನು ದೂರುವ ಹಾಗೂ ಇಲ್ಲ. ಫೋನಿನಲ್ಲಿ ಹುಡುಕಿದರೆ ಆನ್‌ಲೈನ್ ಥೆರಪಿ, ಇ-ಥೆರಪಿ, ಟೆಲಿಕೌನ್ಸೆಲಿಂಗ್, ಡಿಜಿಟಲ್ ಥೆರಪಿ, ಆಪ್ತ ಸಮಾಲೋಚನೆ, ವೆಲ್‌ನೆಸ್ ಕೋಚಿಂಗ್ ಎಂದು ಹತ್ತಾರು ಹೆಸರು ಒಟ್ಟಿಗೆ ಬರುತ್ತವೆ. ಒಂದು ಕಡೆ "ಆನ್‌ಲೈನ್ ಥೆರಪಿ" ಎಂದರೆ ಓದಿದ, ನೋಂದಣಿ ಇರುವ ಮನಶ್ಶಾಸ್ತ್ರಜ್ಞರ ಜೊತೆ ಮುಕ್ಕಾಲು ಗಂಟೆ ವಿಡಿಯೋ ಮಾತು. ಇನ್ನೊಂದು ಕಡೆ ಅದೇ ಹೆಸರಿನಲ್ಲಿ ಮೊದಲೇ ರೆಕಾರ್ಡ್ ಮಾಡಿದ ಹತ್ತು ಆಡಿಯೋ ಕೊಡುತ್ತಾರೆ. ಮತ್ತೊಂದು ಕಡೆ ಉತ್ತರ ಕೊಡುವುದು ಕಂಪ್ಯೂಟರ್. ಮೂರಕ್ಕೂ ಹಣ ಕಟ್ಟುವ ಬಟನ್ ಒಂದೇ ಥರ ಇರುತ್ತದೆ.

ಇದು ಬರೀ ಜಾಹೀರಾತಿನವರು ಮಾಡಿದ ಗೊಂದಲ ಅಂದುಕೊಳ್ಳಬೇಡಿ. ಸಂಶೋಧಕರಲ್ಲೂ ಇದೇ ಪಾಡು. ವೈದ್ಯರು ಟೆಲಿಫೋನಿನ ಕಡೆಯಿಂದ ಬಂದರು, ಅದಕ್ಕೆ 'ಟೆಲಿ' ಸೇರಿಸಿದರು. ಮನಶ್ಶಾಸ್ತ್ರಜ್ಞರು ಇಮೇಲಿನ ಕಡೆಯಿಂದ ಬಂದು 'ಇ' ಎಂದರು. ಕೋರ್ಸು ತಯಾರಿಸಿದವರು 'ಇಂಟರ್ನೆಟ್' ಎಂದರು. 2009ರಲ್ಲಿ ಅಜಿ ಬರಾಕ್ ಎಂಬ ಸಂಶೋಧಕರು ಮತ್ತು ಅವರ ಜೊತೆಯವರು ಇದನ್ನೆಲ್ಲ ನಾಲ್ಕು ಗುಂಪು ಮಾಡಿ ತೋರಿಸಿದರು: ವೆಬ್ ಮೇಲೆ ನಡೆಯುವ ಕೋರ್ಸುಗಳು, ಮನುಷ್ಯರ ಜೊತೆಗಿನ ಆನ್‌ಲೈನ್ ಸಮಾಲೋಚನೆ, ತಾನಾಗಿ ಕೆಲಸ ಮಾಡುವ ಸಾಫ್ಟ್‌ವೇರ್, ಮತ್ತೆ ಬ್ಲಾಗು, ಬೆಂಬಲ ಗುಂಪುಗಳಂಥ ಉಳಿದವು. ಆದರೂ ಗೊಂದಲ ಹೋಗಲಿಲ್ಲ. 2020ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ, ಈ ಕ್ಷೇತ್ರದ ಪದಗಳ ಬಳಕೆಯೇ ಒಂದು ಸಮಸ್ಯೆ ಎಂದು ಜಂಟಿ ಹೇಳಿಕೆ ಬರೆಯಬೇಕಾಯಿತು. ಓದಿದವರ ಕಥೆಯೇ ಹೀಗಿದ್ದರೆ, ರಾತ್ರಿ ಹನ್ನೊಂದು ಗಂಟೆಗೆ ನಿದ್ದೆ ಬಾರದೆ ಫೋನ್ ಹಿಡಿದು ಕೂತವರಿಗೆ ಹೇಗೆ ಗೊತ್ತಾಗಬೇಕು, ಹೇಳಿ.

ನಮ್ಮ ಕಡೆ ಇದರ ಜೊತೆ ಇನ್ನೊಂದು ಸೇರುತ್ತದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಎಲ್ಲರ ಬಾಯಲ್ಲಿ 'ಆಯಿಷ್'. "ಮಗೂನ ಥೆರಪಿಗೆ ಕರ್ಕೊಂಡು ಹೋಗ್ತಿದ್ದೀವಿ" ಎಂದರೆ ಇಲ್ಲಿ ಎಷ್ಟೋ ಮನೆಗಳಲ್ಲಿ ಅದು ಮಾತಿನ ತರಬೇತಿ. ಹಾಗಾಗಿ ಮನೆಯಲ್ಲಿ "ಥೆರಪಿ ತಗೊಳ್ತೀನಿ" ಎಂದು ಮಗಳು ಹೇಳಿದರೆ ಅಜ್ಜಿ "ಯಾಕವ್ವ, ಮಾತು ಚೆನ್ನಾಗೇ ಬರುತ್ತಲ್ಲ" ಎನ್ನುವುದು ಸಹಜ.

ಆದ್ದರಿಂದ ಈ ಬರಹದಲ್ಲಿ ಹೆಸರುಗಳನ್ನು ಪಕ್ಕಕ್ಕೆ ಇಟ್ಟು, ಒಳಗೆ ಏನಿದೆ ಎಂದು ನೋಡಿ ಹೋಲಿಸುತ್ತೇನೆ. ನಾನು ಮನೋವೈದ್ಯರ ಜಾಗದಲ್ಲಿ ನಿಂತು ಹೇಳುತ್ತಿಲ್ಲ. ಯಾರ ಹತ್ತಿರ ಹೋಗಬೇಕು ಎನ್ನುವುದನ್ನು ತೀರ್ಮಾನ ಮಾಡಲು ಬೇಕಾದಷ್ಟು ಮಾತ್ರ ಇಲ್ಲಿದೆ.

ಮನುಷ್ಯರ ಜೊತೆ ನೇರ ಮಾತು: ವಿಡಿಯೋ ಅಥವಾ ಫೋನ್

ಇದನ್ನೇ ಹೆಚ್ಚಿನವರು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತು, ಆ ಕಡೆ ಒಬ್ಬರು ಮುಖ ತೋರಿಸಿ ಮಾತಾಡುತ್ತಾರೆ. ಆದರೆ ಆ ಒಬ್ಬರು ಯಾರು ಎನ್ನುವುದರ ಮೇಲೆ ಸಿಗುವ ಸಹಾಯವೇ ಬೇರೆಬೇರೆ.

ಮನೋವೈದ್ಯರು ಎಂದರೆ ಎಂಬಿಬಿಎಸ್ ಮುಗಿಸಿ ಮನೋರೋಗ ವಿಭಾಗದಲ್ಲಿ ಮುಂದೆ ಓದಿದವರು. ಮಾತ್ರೆ ಬರೆಯುವ ಅಧಿಕಾರ ಇರುವುದು ಇವರಿಗೆ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಆನ್‌ಲೈನಿನಲ್ಲಿ ನೋಡುವ ವೈದ್ಯರು ತಮ್ಮ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆಯನ್ನು ಚೀಟಿಯ ಮೇಲೆ ಹಾಕಲೇಬೇಕು. ಚೀಟಿ ಪಿಡಿಎಫ್ ಆಗಿ ಬಂದಾಗ ಮೊದಲು ಮೇಲ್ಭಾಗ ನೋಡಿ: ಹೆಸರು, ಡಿಗ್ರಿ, ನೋಂದಣಿ ಸಂಖ್ಯೆ, ತಾರೀಖು. ಕರ್ನಾಟಕದವರಾದರೆ ಸಾಮಾನ್ಯವಾಗಿ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಸಂಖ್ಯೆ ಇರುತ್ತದೆ. ಸಂಖ್ಯೆ ಇಲ್ಲದ ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋಗಬೇಡಿ. ಇನ್ನೊಂದು ವಿಷಯ. ಅಭ್ಯಾಸ ಹಿಡಿಸುವ ಕೆಲವು ನಿದ್ದೆ ಮಾತ್ರೆಗಳನ್ನು ಆನ್‌ಲೈನ್ ಭೇಟಿಯಲ್ಲಿ ಬರೆಯಲು ನಿರ್ಬಂಧ ಇದೆ. ವೈದ್ಯರು "ಇದಕ್ಕೆ ನೀವು ಆಸ್ಪತ್ರೆಗೇ ಬರಬೇಕು" ಎಂದರೆ ಸತಾಯಿಸುತ್ತಿದ್ದಾರೆ ಅಂದುಕೊಳ್ಳಬೇಡಿ, ನಿಯಮ ಪಾಲಿಸುತ್ತಿದ್ದಾರೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಕೊಡುವುದಿಲ್ಲ. ಮಾತಿನ ಮೂಲಕ, ಅಭ್ಯಾಸಗಳ ಮೂಲಕ ಚಿಕಿತ್ಸೆ ಕೊಡುತ್ತಾರೆ, ಮನಸ್ಸಿನ ಪರೀಕ್ಷೆಗಳನ್ನೂ ಮಾಡುತ್ತಾರೆ. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಯಾರು ಎಂದು ಸ್ಪಷ್ಟವಾಗಿ ಬರೆದಿದೆ. ಆರ್‌ಸಿಐ ಸಂಖ್ಯೆ ಕೇಳಿದರೆ ಸರಿಯಾದವರು ಬೇಜಾರು ಮಾಡಿಕೊಳ್ಳದೆ ಕೊಡುತ್ತಾರೆ.

ಕೌನ್ಸೆಲರ್, ಅಂದರೆ ಆಪ್ತ ಸಮಾಲೋಚಕರು. ಇಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಮನಶ್ಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗಿದ ಕೌನ್ಸೆಲರ್‌ಗಳು ನಮ್ಮಲ್ಲಿ ಇದ್ದಾರೆ. ಅವರಿಂದ ಎಷ್ಟೋ ಹುಡುಗರು ಪರೀಕ್ಷೆಯ ಭಯದಿಂದ, ಎಷ್ಟೋ ದಂಪತಿಗಳು ಜಗಳದಿಂದ ಆಚೆ ಬಂದಿದ್ದಾರೆ. ಅದೇ ಪದವನ್ನು ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸು ಮಾಡಿದವರೂ ಹಾಕಿಕೊಳ್ಳುತ್ತಾರೆ. ವೈದ್ಯರಲ್ಲದ ಆರೋಗ್ಯ ವೃತ್ತಿಯವರಿಗಾಗಿ ಬಂದ 2021ರ ಅಲೈಡ್ ಹೆಲ್ತ್ ಕಾಯ್ದೆಯ ಪಟ್ಟಿಯಲ್ಲಿ ಈ ವರ್ಗದವರನ್ನೂ ಸೇರಿಸಿದ್ದಾರೆ. ಆದರೂ ನಿಮ್ಮ ಮಟ್ಟಿಗೆ ಕೇಳಬೇಕಾದ್ದು: ಎಲ್ಲಿ ಓದಿದ್ರಿ, ಎಷ್ಟು ವರ್ಷ ಆಯ್ತು, ನಿಮ್ಮ ಕೈಮೀರಿದಾಗ ಯಾರ ಹತ್ತಿರ ಕಳಿಸ್ತೀರಿ? ಮೂರನೇ ಪ್ರಶ್ನೆಗೆ ಅವರು ಒಬ್ಬ ಮನೋವೈದ್ಯರ ಹೆಸರನ್ನೋ ಆಸ್ಪತ್ರೆಯ ಹೆಸರನ್ನೋ ತಕ್ಷಣ ಹೇಳಿದರೆ ಒಳ್ಳೆಯ ಲಕ್ಷಣ.

'ಥೆರಪಿಸ್ಟ್', 'ಲೈಫ್ ಕೋಚ್', 'ಹೀಲರ್', 'ಮೈಂಡ್ ಎಕ್ಸ್‌ಪರ್ಟ್' ಇವಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಬೇಲಿ ಇಲ್ಲ. ಯಾರು ಬೇಕಾದರೂ ಹಾಕಿಕೊಳ್ಳಬಹುದು. ಹಾಕಿಕೊಂಡವರೆಲ್ಲ ಮೋಸದವರು ಎಂದು ಹೇಳುವುದಿಲ್ಲ. ಪದವನ್ನು ನಂಬಬೇಡಿ, ಓದನ್ನು ಕೇಳಿ ಎನ್ನುತ್ತೇನೆ.

ವಿಡಿಯೋ ಒಳ್ಳೆಯದಾ, ಫೋನಾ? ಮುಖ ಕಂಡರೆ ಕಣ್ಣೀರು ಕಾಣುತ್ತದೆ, ಸುಸ್ತು ಕಾಣುತ್ತದೆ. ಔಷಧಿಯ ಮಾತು ಇದ್ದರಂತೂ ಮೊದಲ ಭೇಟಿಗೆ ವಿಡಿಯೋ ಇರಲಿ. ಆದರೆ ನಾಗಮಂಗಲದ ಕಡೆ ಕೆಲವು ಹಳ್ಳಿಗಳಲ್ಲಿ ವಿಡಿಯೋ ನಡುವೆ ನಿಂತು ನಿಂತು ಹೋಗುತ್ತದೆ. ಅಳುತ್ತಾ ಏನೋ ಹೇಳುವಾಗ "ಹಲೋ, ಕೇಳಿಸ್ತಿಲ್ಲ, ಇನ್ನೊಂದ್ಸಲ ಹೇಳಿ" ಎಂದರೆ ಅದನ್ನು ಮತ್ತೆ ಹೇಳುವ ಶಕ್ತಿ ಯಾರಿಗಿರುತ್ತದೆ? ಅಂಥ ಕಡೆ ಮಾಮೂಲಿ ಫೋನ್ ಕರೆಯೇ ಎಷ್ಟೋ ವಾಸಿ. ದನಿ ಮಾತ್ರ ಇದ್ದರೆ ಕೆಲಸ ಆಗುವುದಿಲ್ಲ ಎನ್ನುವವರಿಗೆ ಮೈಸೂರಿನದೇ ಒಂದು ವಿಷಯ ನೆನಪಿಸುತ್ತೇನೆ. 1935ರಲ್ಲಿ ಇಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ದೂರದಿಂದ ಬರುವ ದನಿ ಮನಸ್ಸನ್ನು ಮುಟ್ಟುತ್ತದೆ ಎಂದು ಈ ಊರಿಗೆ ಮೊದಲಿನಿಂದ ಗೊತ್ತು.

ಬರೆದು ಕೇಳುವುದು: ಚಾಟ್, ಮೆಸೇಜ್

ಇದರಲ್ಲಿ ಎರಡು ಬಗೆ. ಒಂದರಲ್ಲಿ ನೀವು ಬರೆದ ಹಾಗೇ ಅವರೂ ಆ ಕಡೆಯಿಂದ ಬರೆಯುತ್ತಾರೆ. ಇನ್ನೊಂದರಲ್ಲಿ ಬೆಳಿಗ್ಗೆ ಬರೆದರೆ ಸಂಜೆಯೋ ಮರುದಿನವೋ ಉತ್ತರ. 'ಅನ್‌ಲಿಮಿಟೆಡ್ ಚಾಟ್' ಎಂದು ಮಾರುವುದು ಹೆಚ್ಚಾಗಿ ಎರಡನೆಯದು. ಎಷ್ಟು ಬೇಕಾದರೂ ಬರೆಯಬಹುದು, ಸರಿ. ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿಕೊಳ್ಳಿ.

ಬಾಯಿ ಬಿಟ್ಟು ಹೇಳಲು ನಾಚಿಕೆ ಆಗುವವರಿಗೆ, ಮನೆಯಲ್ಲಿ ಮಾತಾಡಲು ಜಾಗವೇ ಇಲ್ಲದವರಿಗೆ ಇದು ದೊಡ್ಡ ಅನುಕೂಲ. ಆದರೆ ಕಷ್ಟ ಜಾಸ್ತಿ ಇರುವವರಿಗೆ, ಆಗಾಗ ಸಾಯುವ ಯೋಚನೆ ಬರುವವರಿಗೆ ಚಾಟ್ ಒಂದನ್ನೇ ನಂಬಿಕೊಳ್ಳುವುದು ಸರಿಯಲ್ಲ.

ಕೋರ್ಸಿನ ರೂಪದ ಚಿಕಿತ್ಸೆ

ಇದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಆದರೆ ಆನ್‌ಲೈನ್ ಚಿಕಿತ್ಸೆಯಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗಿ ಗಟ್ಟಿಯಾಗಿ ನಿಂತಿರುವುದು ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೀತಿಯನ್ನು ಬದಲಿಸಲು ಕಲಿಸುವ ವಿಧಾನವನ್ನು ಪಾಠಗಳ ಹಾಗೆ ಕತ್ತರಿಸಿ, ವಾರಕ್ಕೊಂದು ಪಾಠದಂತೆ ಇಂಟರ್ನೆಟ್ಟಿನಲ್ಲಿ ಕೊಡುತ್ತಾರೆ. ಸಾಮಾನ್ಯವಾಗಿ ಎಂಟು ಹತ್ತು ವಾರ. ಮೊದಲ ವಾರ ಆತಂಕ ಅಂದರೆ ಏನು, ಎದೆ ಡವಡವ ಅನ್ನುವುದು ಯಾಕೆ ಎಂದು ಓದುತ್ತೀರಿ. ಆಮೇಲೆ ಹೋಂವರ್ಕ್. ಯಾವಾಗ ಗಾಬರಿ ಆಯ್ತು, ಆಗ ತಲೆಯಲ್ಲಿ ಏನು ಓಡಿತು, ಏನು ಮಾಡಿದೆ ಎಂದು ಬರೆದಿಡಬೇಕು. ನಂತರದ ವಾರಗಳಲ್ಲಿ, ಭಯ ಬೀಳಿಸುವ ಕೆಲಸವನ್ನೇ ಚಿಕ್ಕ ಚಿಕ್ಕ ಹೆಜ್ಜೆಯಾಗಿ ಮಾಡಿ ನೋಡುವುದು. ಬಸ್ ಹತ್ತಲು ಭಯ ಇರುವ ಹುಡುಗಿಗೆ ಹೀಗಿರಬಹುದು. ಮೊದಲ ದಿನ ಸ್ಟ್ಯಾಂಡಿಗೆ ಹೋಗಿ ಬರುವುದು. ಆಮೇಲೆ ನಿಂತ ಬಸ್ಸಿನಲ್ಲಿ ಹತ್ತಿ ಇಳಿಯುವುದು. ಆಮೇಲೆ ಗೆಳತಿಯ ಜೊತೆ ಮಂಡ್ಯದಿಂದ ಶ್ರೀರಂಗಪಟ್ಟಣದವರೆಗೆ. ಕೊನೆಗೆ ಒಬ್ಬಳೇ ಮೈಸೂರಿಗೆ. ಪ್ರತಿ ಹೆಜ್ಜೆಗೂ ಭಯ ಹತ್ತಕ್ಕೆ ಎಷ್ಟು ಎಂದು ಬರೆಯಬೇಕು.

ಇದರಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಕೆಲವು ಕೋರ್ಸುಗಳಲ್ಲಿ ನೀವು ಬರೆದದ್ದನ್ನು ವಾರಕ್ಕೊಮ್ಮೆ ಒಬ್ಬ ಥೆರಪಿಸ್ಟ್ ಓದಿ ಉತ್ತರ ಬರೆಯುತ್ತಾರೆ. ಅವರು ಕೊಡುವ ಸಮಯ ವಾರಕ್ಕೆ ಹತ್ತು ಹದಿನೈದು ನಿಮಿಷ ಇರಬಹುದು, ಅಷ್ಟೇ. ಆದರೂ ಆ ಹತ್ತು ನಿಮಿಷದ ಮಹತ್ವ ಬಹಳ. ಯಾರೋ ನೋಡುತ್ತಾರೆ ಎಂದಾದರೆ ಜನ ಕೋರ್ಸು ಮುಗಿಸುತ್ತಾರೆ. ಯಾರೂ ಇಲ್ಲದ ಕೋರ್ಸುಗಳನ್ನು ಅರ್ಧಕ್ಕೆ ಬಿಡುವವರೇ ಜಾಸ್ತಿ. ಆತಂಕ, ಪ್ಯಾನಿಕ್ (ಇದ್ದಕ್ಕಿದ್ದ ಹಾಗೆ ಬರುವ ವಿಪರೀತ ಗಾಬರಿ), ಅತಿ ತೀವ್ರವಲ್ಲದ ಖಿನ್ನತೆ, ಇಂಥವುಗಳಲ್ಲಿ ಥೆರಪಿಸ್ಟ್ ಜೊತೆಗಿರುವ ಕೋರ್ಸು ಎದುರಾಎದುರು ಕೂತು ಮಾಡುವ ಸಿಬಿಟಿಗೆ ಹತ್ತಿರಹತ್ತಿರ ಫಲ ಕೊಟ್ಟದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸ್ವೀಡನ್ನಿನವರು ಇದರಲ್ಲಿ ಬಹಳ ಮುಂದೆ. ಸ್ಟಾಕ್‌ಹೋಮಿನಲ್ಲಿ 2007ರಿಂದ ಇದಕ್ಕೆಂದೇ ಸರ್ಕಾರಿ ಕ್ಲಿನಿಕ್ ನಡೆಯುತ್ತಿದೆ. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯವರು 2001ರಲ್ಲೇ 'ಮೂಡ್‌ಜಿಮ್' ಎಂಬ ಕೋರ್ಸನ್ನು ಜನರಿಗೆ ತೆರೆದರು.

ಈಗ 'ಗೈಡೆಡ್' ಎಂಬ ಪದ ನೋಡಿ. ಸಂಶೋಧನೆಯಲ್ಲಿ ಅದಕ್ಕೆ ಅರ್ಥ ಮೇಲೆ ಹೇಳಿದ ಹಾಗೆ ಮನುಷ್ಯರೊಬ್ಬರು ಜೊತೆಯಲ್ಲಿರುವುದು. ಆ್ಯಪುಗಳಲ್ಲಿ 'ಗೈಡೆಡ್ ಸೆಷನ್' ಎಂದರೆ ಬಹಳ ಸಲ "ಕಣ್ಣು ಮುಚ್ಚಿ, ಉಸಿರು ಎಳೆದುಕೊಳ್ಳಿ" ಎನ್ನುವ ರೆಕಾರ್ಡಿಂಗ್. ಒಂದು ಕೋರ್ಸಿನ ಪುಟದಲ್ಲಿ "ಗೈಡೆಡ್ ಪ್ರೋಗ್ರಾಂ ಪರಿಣಾಮಕಾರಿ ಎಂದು ಸಂಶೋಧನೆ ಹೇಳಿದೆ" ಎಂದಿದ್ದರೆ ಸಂಶೋಧನೆ ಹೇಳಿದ್ದು ಯಾವುದಕ್ಕೆ, ಇವರು ಮಾರುತ್ತಿರುವುದು ಯಾವುದನ್ನು ಎಂದು ಕೇಳಲೇಬೇಕು. 'ಸೆಷನ್' ಪದವೂ ಹಾಗೇ. ಹನ್ನೆರಡು ಸೆಷನ್ನಿನ ಪ್ಯಾಕೇಜ್ ಎಂದರೆ ಹನ್ನೆರಡು ಸಲ ಒಬ್ಬರ ಜೊತೆ ಮಾತಾ, ಹನ್ನೆರಡು ವಿಡಿಯೋ ಪಾಠಗಳಾ? ಈ ಒಂದು ಪ್ರಶ್ನೆಯಿಂದ ಸಾವಿರಾರು ರೂಪಾಯಿ ಉಳಿಯಬಹುದು.

ನಮಗಿರುವ ತೊಂದರೆ ಏನೆಂದರೆ ಇಂಥ ಕೋರ್ಸುಗಳು ಹೆಚ್ಚಿನವು ಇಂಗ್ಲಿಷಿನಲ್ಲಿವೆ, ಉದಾಹರಣೆಗಳು ಬೇರೆ ದೇಶದವು. ಇಂಗ್ಲಿಷ್ ಸಲೀಸಾಗಿ ಓದುವ, ಹೋಂವರ್ಕ್ ಮಾಡುವ ಶಿಸ್ತಿರುವ ಎಂಜಿನಿಯರಿಂಗ್ ಹುಡುಗರಿಗೆ ಧಾರಾಳವಾಗಿ ಹೇಳಬಹುದು. ಅವರ ಅಮ್ಮಂದಿರಿಗೆ ಹೇಳಲಾಗದು.

ಕಂಪ್ಯೂಟರ್ ಜೊತೆ ಮಾತು

'ಎಐ ಥೆರಪಿಸ್ಟ್' ಎಂಬ ಹೆಸರು ಈಗ ಎಲ್ಲ ಕಡೆ. ಇದು ತೀರಾ ಹೊಸದಲ್ಲ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜನ್‌ಬಾಮ್ 'ಎಲೈಜಾ' ಎಂಬ ಪ್ರೋಗ್ರಾಂ ಪ್ರಕಟಿಸಿದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು ಅದರ ಕೆಲಸ. ಅದಕ್ಕೇ ಜನ ಮನಸ್ಸು ಬಿಚ್ಚತೊಡಗಿದ್ದು ನೋಡಿ ಅವರಿಗೇ ಆತಂಕ ಆಯಿತು, ಮುಂದೆ ಇಂಥ ಬಳಕೆಯ ವಿರುದ್ಧ ಬರೆದರು.

ಈಗಿನವು ಅದಕ್ಕಿಂತ ಎಷ್ಟೋ ಪಾಲು ಚುರುಕು. ರಾತ್ರಿ ಎರಡು ಗಂಟೆಗೆ ಉಸಿರಾಟದ ಅಭ್ಯಾಸ ಹೇಳಿಕೊಡಲು, ಮನಸ್ಸಿನಲ್ಲಿರುವುದನ್ನು ಬರೆದು ಹಗುರಾಗಲು ಸಹಾಯ ಆಗುತ್ತದೆ ಎನ್ನುವವರನ್ನು ನಾನು ತಡೆಯುವುದಿಲ್ಲ. ಆದರೆ ಇದನ್ನು ಚಿಕಿತ್ಸೆ ಎಂದು ಎಣಿಸಬೇಡಿ. 2023ರಲ್ಲಿ ಅಮೆರಿಕದಲ್ಲಿ ಊಟಕ್ಕೆ ಸಂಬಂಧಿಸಿದ ಮಾನಸಿಕ ತೊಂದರೆ ಇರುವವರಿಗಾಗಿಯೇ ಇದ್ದ 'ಟೆಸ್ಸಾ' ಎಂಬ ಚಾಟ್‌ಬಾಟ್ ತೂಕ ಇಳಿಸುವ ಸಲಹೆ ಕೊಟ್ಟಿತೆಂದು ಅದನ್ನು ನಿಲ್ಲಿಸಬೇಕಾಯಿತು. ಬಹಳ ಹೆಸರು ಮಾಡಿದ್ದ 'ವೋಬಾಟ್' ಆ್ಯಪ್ 2025ರ ಜೂನ್ ಕೊನೆಗೆ ಮುಚ್ಚಿತು. ದಿನಾ ಮಾತಾಡಿಕೊಂಡಿದ್ದವರಿಗೆ ಅದು ಒಂದು ದಿನ ಇಲ್ಲವಾಯಿತು. ನಂಬಿಕೊಂಡದ್ದು ಹೀಗೆ ಹೋದರೆ ಮುಂದೆ ಯಾರನ್ನು ಕೇಳಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಬಳಸುವ ಮುಂಚೆ ಒಂದನ್ನು ಪತ್ತೆಮಾಡಿ: ಉತ್ತರ ಕೊಡುತ್ತಿರುವುದು ಮನುಷ್ಯರಾ, ಯಂತ್ರವಾ? ಹೆಸರು, ಫೋಟೋ ಇದ್ದಾಕ್ಷಣ ಮನುಷ್ಯರು ಎಂದುಕೊಳ್ಳುವ ಹಾಗಿಲ್ಲ. ನೇರವಾಗಿ ಕೇಳಿ.

14416

ಇದು ಟೆಲಿ ಮಾನಸ್‌ನ ನಂಬರು. ಇದನ್ನು ಜನ 'ಟೆಲಿಥೆರಪಿ' ಜೊತೆ ಬೆರೆಸಿಬಿಡುತ್ತಾರೆ, ಅದಕ್ಕೇ ಬೇರೆಯಾಗಿ ಹೇಳುತ್ತಿದ್ದೇನೆ. ಟೆಲಿ ಮಾನಸ್ ಕೇಂದ್ರ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇದೆ, ದುಡ್ಡಿಲ್ಲ.

14416 ಒತ್ತಿದರೆ ಮೊದಲು ರೆಕಾರ್ಡ್ ಮಾಡಿದ ದನಿ ಭಾಷೆ ಕೇಳುತ್ತದೆ. ಕನ್ನಡ ಆರಿಸಿ. ಆಮೇಲೆ ತರಬೇತಿ ಪಡೆದ ಕೌನ್ಸೆಲರ್ ಒಬ್ಬರು ಸಿಗುತ್ತಾರೆ. ಏನು ತೊಂದರೆ, ಯಾವಾಗಿನಿಂದ, ಊಟ ನಿದ್ದೆ ಹೇಗಿದೆ ಎಂಬ ಮಾತುಗಳಿಗೆ ಉತ್ತರ ಹೇಳಲು ಸಿದ್ಧರಾಗಿ ಕರೆ ಮಾಡಿ. "ಏನು ಹೇಳ್ಬೇಕು ಗೊತ್ತಾಗ್ತಿಲ್ಲ, ಒಂಥರಾ ಸಂಕಟ" ಎಂದರೂ ಸಾಕು, ಅವರು ಅಲ್ಲಿಂದ ಮುಂದೆ ಕರೆದೊಯ್ಯುತ್ತಾರೆ. ಬೇಕೆನಿಸಿದರೆ ಮೇಲಿನ ಹಂತದ ತಜ್ಞರಿಗೆ ಜೋಡಿಸುತ್ತಾರೆ, ಇಲ್ಲವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಲು ಹೇಳುತ್ತಾರೆ. 2024ರ ಅಕ್ಟೋಬರಿನಲ್ಲಿ ಇದರ ಆ್ಯಪ್ ಬಂದಿದೆ, ವಿಡಿಯೋ ಸೌಲಭ್ಯವೂ ಶುರುವಾಗಿದೆ.

ಇದರಿಂದ ವಾರವಾರ ಒಬ್ಬರೇ ಥೆರಪಿಸ್ಟ್ ಜೊತೆ ಕೂತು ಕೆಲಸ ಮಾಡುವಂಥ ಚಿಕಿತ್ಸೆಯನ್ನು ನಿರೀಕ್ಷಿಸಬೇಡಿ. ಎಲ್ಲಿಗೆ ಹೋಗಬೇಕು ಎಂದೇ ತಿಳಿಯದೆ ಕೂತಾಗ ಮೊದಲ ಬಾಗಿಲು ಇದು. ನನ್ನನ್ನು ಕೇಳಿದರೆ ಯಾವ ಆ್ಯಪಿಗೂ ದುಡ್ಡು ಕಟ್ಟುವ ಮೊದಲು ಒಂದು ಸಲ ಈ ನಂಬರಿಗೆ ಮಾಡಿ, "ನನ್ನ ತೊಂದರೆಗೆ ಯಾರನ್ನು ನೋಡಬೇಕು?" ಎಂದು ಕೇಳಿ.

ಸಾಯುವ ಯೋಚನೆ ಹೇಳಿದರೆ ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರಿ ಬಾಯಿ ಮುಚ್ಚಿಕೊಂಡಿರುವವರನ್ನು ನೋಡಿದ್ದೇನೆ. ಆ ಭಯ ಬೇಡ. ಯೋಚನೆ ಬರುವುದು ಅಪರಾಧವೇ ಅಲ್ಲ. ಪ್ರಯತ್ನ ಮಾಡಿಕೊಂಡವರನ್ನೂ ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸಬೇಕು, ಶಿಕ್ಷೆ ಕೊಡಬಾರದು ಎನ್ನುತ್ತದೆ 2017ರ ಕಾಯ್ದೆಯ 115ನೇ ಸೆಕ್ಷನ್. ಹೇಳಿ, ದಯವಿಟ್ಟು ಹೇಳಿ. ಪ್ರಾಣಕ್ಕೆ ಅಪಾಯ ಎನಿಸಿದ ಗಳಿಗೆಯಲ್ಲಿ ಮಾತ್ರ ಯಾವ ಆನ್‌ಲೈನೂ ಬೇಡ. 108 ಅಥವಾ 112ಕ್ಕೆ ಮಾಡಿ, ಇಲ್ಲವೇ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಊರಿನಲ್ಲೇ ಇರುವುದನ್ನು ಮರೆಯಬೇಡಿ

ಆನ್‌ಲೈನ್ ಹುಡುಕುವ ಭರದಲ್ಲಿ ಪಕ್ಕದಲ್ಲಿರುವುದು ಕಾಣುವುದಿಲ್ಲ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯಲ್ಲಿ, ಜೆಎಸ್‌ಎಸ್ ಆಸ್ಪತ್ರೆಯಲ್ಲಿ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಮಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಮಗುವಿಗೆ ಮಾತು, ಕಲಿಕೆ, ನಡವಳಿಕೆ ಎಲ್ಲ ಕಲಸಿಕೊಂಡ ತೊಂದರೆ ಇದ್ದರೆ ಆಯಿಷ್‌ನಲ್ಲೇ ಕ್ಲಿನಿಕಲ್ ಸೈಕಾಲಜಿ ವಿಭಾಗ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ತಾಲ್ಲೂಕು ಮಟ್ಟದಲ್ಲೂ ಶಿಬಿರ ನಡೆಸುತ್ತಾರೆ. ಯಾವ ದಿನ ಎಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ವಿಚಾರಿಸಿ. ಆಶಾ ಕಾರ್ಯಕರ್ತೆಯರನ್ನೂ ಕೇಳಬಹುದು.

ಎಷ್ಟೋ ಜನರಿಗೆ ಬೆರಕೆ ದಾರಿಯೇ ಸರಿ. ಮೊದಲ ಭೇಟಿ ಎದುರಾಎದುರು, ಆಮೇಲೆ ತಿಂಗಳ ಮಾತು ವಿಡಿಯೋದಲ್ಲಿ. ಕೆ.ಆರ್. ಪೇಟೆಯಿಂದ ಮೈಸೂರಿಗೆ ಬಂದುಹೋಗಲು ಒಂದು ದಿನದ ಕೂಲಿ ಹೋಗುತ್ತದೆ. ಮಾತ್ರೆ ಹೊಂದಿಕೊಂಡ ಮೇಲೆ ಪ್ರತಿ ಸಲ ಬರಬೇಕಾಗಿಲ್ಲ ಎಂದಾದರೆ ಅದು ಸಣ್ಣ ಉಪಕಾರವಲ್ಲ.

ಮನೆಯೊಳಗೆ ಜಾಗ, ಬಾಯಲ್ಲಿ ಭಾಷೆ

ಹೋಲಿಕೆ ಮಾಡುವಾಗ ಯಾರೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಪ್ರಕಾರ ಅರ್ಧ ತೀರ್ಮಾನ ಇದರ ಮೇಲೇ ನಿಂತಿದೆ.

ಎರಡು ಕೋಣೆಯ ಮನೆ. ಅತ್ತೆ ಹಾಲ್‌ನಲ್ಲಿ ಟಿವಿ ನೋಡುತ್ತಿದ್ದಾರೆ, ಮಕ್ಕಳು ಒಳಗೆ ಬರುತ್ತಾ ಹೋಗುತ್ತಾ ಇದ್ದಾರೆ. ಅತ್ತೆಯಿಂದ ಆಗುವ ಬೇಸರವನ್ನೇ ಹೇಳಬೇಕಾದ ಸೊಸೆ ವಿಡಿಯೋದಲ್ಲಿ ಏನು ಹೇಳಬಲ್ಲಳು? "ಹೂಂ, ಪರವಾಗಿಲ್ಲ, ಚೆನ್ನಾಗಿದ್ದೀನಿ" ಅಷ್ಟೇ. ಮುಕ್ಕಾಲು ಗಂಟೆ ಹೀಗೇ ಕಳೆದುಹೋಗುತ್ತದೆ, ಹಣವೂ ಹೋಗುತ್ತದೆ. ಅಂಥವರಿಗೆ ಚಾಟ್ ಸರಿ, ಇಲ್ಲವೇ ನೇರವಾಗಿ ಕ್ಲಿನಿಕ್ಕಿಗೇ ಹೋಗುವುದು ಸರಿ. ಟೆರೇಸು, ಮಧ್ಯಾಹ್ನದ ಹೊತ್ತಿನ ಪಾರ್ಕು, ಗೆಳತಿಯ ಮನೆಯ ಒಂದು ಕೋಣೆ, ಇವೂ ಆಗುತ್ತವೆ. ಇಯರ್‌ಫೋನ್ ಇದ್ದರೆ ಆ ಕಡೆಯ ದನಿ ಮುಚ್ಚುತ್ತದೆ, ನಿಮ್ಮ ದನಿ ಮುಚ್ಚುವುದಿಲ್ಲ. ಇದನ್ನು ಮೊದಲೇ ಥೆರಪಿಸ್ಟ್‌ಗೆ ಹೇಳಿ. "ಯಾರಾದರೂ ಬಂದರೆ ನಾನು ಪುಸ್ತಕದ ವಿಷಯ ಎತ್ತುತ್ತೇನೆ, ನೀವು ಅರ್ಥ ಮಾಡಿಕೊಳ್ಳಿ" ಎಂದು ಒಂದು ಗುರುತು ಇಟ್ಟುಕೊಳ್ಳಬಹುದು.

ಭಾಷೆಯ ವಿಷಯದಲ್ಲಿ, ಪಟ್ಟಿಯಲ್ಲಿ 'ಕನ್ನಡ' ಎಂದಿದ್ದರೆ ಸಾಲದು. ಮೊದಲ ಐದು ನಿಮಿಷ ಕನ್ನಡದಲ್ಲೇ ಮಾತಾಡಿ ನೋಡಿ. "ಮನಸ್ಸಿಗೆ ಒಗ್ತಾ ಇಲ್ಲ", "ಜೀವ ಹಿಂಡ್ದಂಗೆ ಆಗುತ್ತೆ", "ಯಾಕೋ ಕೈಯೇ ಓಡ್ತಿಲ್ಲ" ಎನ್ನುವ ಮಾತು ಅವರಿಗೆ ಹಾಗೇ ಹಿಡಿಯಬೇಕು. ಹೇಳುವವರು ಪ್ರತಿ ವಾಕ್ಯವನ್ನೂ ಇಂಗ್ಲಿಷಿಗೆ ತಿರುಗಿಸಬೇಕಾದರೆ ನೋವಿನ ಜಾಗದಲ್ಲಿ ವ್ಯಾಕರಣ ಬಂದು ಕೂರುತ್ತದೆ.

ನೀವು ಹೇಳಿದ್ದು ಎಲ್ಲಿಗೆ ಹೋಗುತ್ತದೆ

2017ರ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕು ಎನ್ನುವುದು ನಿಮ್ಮ ಹಕ್ಕು. ಆದರೆ ತನ್ನನ್ನು 'ವೆಲ್‌ನೆಸ್' ಎಂದು ಕರೆದುಕೊಳ್ಳುವ ಆ್ಯಪ್, "ನಾವು ಆರೋಗ್ಯ ಸೇವೆ ಕೊಡುತ್ತಿಲ್ಲ" ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಮೇಲ್ಗಡೆ ದೊಡ್ಡದಾಗಿ ಥೆರಪಿ, ಕೆಳಗಡೆ ಸಣ್ಣದಾಗಿ ಅದಲ್ಲ. ಪದಗಳ ಗೊಂದಲದಿಂದ ನಿಜವಾದ ಪೆಟ್ಟು ಬೀಳುವುದು ಇಲ್ಲೇ.

ದೊಡ್ಡ ಕಂಪನಿ ಎಂದ ಮಾತ್ರಕ್ಕೆ ಭದ್ರ ಎನ್ನಲಾಗದು. ಅಮೆರಿಕದ 'ಬೆಟರ್‌ಹೆಲ್ಪ್' ಎಂಬ ಆನ್‌ಲೈನ್ ಥೆರಪಿ ಕಂಪನಿ ಗ್ರಾಹಕರ ಇಮೇಲ್, ಆರೋಗ್ಯ ಪ್ರಶ್ನಾವಳಿಯ ಮಾಹಿತಿಯನ್ನು ಫೇಸ್‌ಬುಕ್ಕಿನಂಥ ಕಂಪನಿಗಳ ಜೊತೆ ಜಾಹೀರಾತಿಗಾಗಿ ಹಂಚಿಕೊಂಡಿತ್ತೆಂದು ಗ್ರಾಹಕರ ಹಿತ ನೋಡಿಕೊಳ್ಳುವ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು. ಕೊನೆಗೆ 78 ಲಕ್ಷ ಡಾಲರ್ ಕಟ್ಟಬೇಕಾಯಿತು. ನಮ್ಮಲ್ಲೂ 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಬಂದಿದೆ. ಆದರೂ ಖಾತೆ ತೆರೆಯುವ ಮೊದಲೇ "ನಿಮಗೆ ಖಿನ್ನತೆ ಇದೆಯಾ? ಮಾತ್ರೆ ತಗೊಳ್ತೀರಾ?" ಎಂದು ಇಪ್ಪತ್ತು ಪ್ರಶ್ನೆ ಕೇಳುವ ಪುಟ ಕಂಡರೆ ನಿಲ್ಲಿಸಿ. ಯಾರು ಕೇಳುತ್ತಿದ್ದಾರೆ ಎಂದು ಗೊತ್ತಾಗುವವರೆಗೆ ಉತ್ತರ ತುಂಬಬೇಡಿ.

ಹಾಗಾದರೆ ಯಾರಿಗೆ ಯಾವುದು?

ಪರೀಕ್ಷೆ, ಸಂಬಂಧ, ಕೆಲಸದ ಒತ್ತಡ, ಊಟ ನಿದ್ದೆ ಹೇಗೋ ನಡೆಯುತ್ತಿದೆ ಎನ್ನುವವರಿಗೆ ಕೌನ್ಸೆಲರ್ ಸಾಕು. ಆನ್‌ಲೈನ್ ಆದರೂ ಆಗುತ್ತದೆ. ಬಹಳ ದಿನದ ಆತಂಕ, ಪ್ಯಾನಿಕ್, ಪದೇ ಪದೇ ಕೈ ತೊಳೆಯುವಂಥದ್ದು ಇದ್ದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಹುಡುಕಿ. ವಿಡಿಯೋ ಸರಿ, ಥೆರಪಿಸ್ಟ್ ಇರುವ ಕೋರ್ಸೂ ಸರಿ.

ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ಎದ್ದು ಸ್ನಾನ ಮಾಡುವುದೇ ಕಷ್ಟ ಎಂದಾದರೆ ಮನೋವೈದ್ಯರನ್ನು ನೋಡಿ. ಬಾಣಂತಿಯರಲ್ಲಿ ಹೀಗಾದರೆ "ಸುಮ್ನೆ ಅಳ್ತಾಳೆ" ಎಂದು ಬಿಡಬೇಡಿ. ಹೆರಿಗೆ ಮಾಡಿಸಿದ ಡಾಕ್ಟರಿಗೇ ಮೊದಲು ಹೇಳಿ, ಆ್ಯಪಿನ ಮಾತು ಬೇಡ. ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸುವುದು, ಎಲ್ಲರ ಮೇಲೂ ಅನುಮಾನ, ದಿನಗಟ್ಟಲೆ ನಿದ್ದೆ ಇಲ್ಲದೆ ಅತಿಯಾದ ಹುರುಪು, ಇಂಥವಕ್ಕೆ ಆಸ್ಪತ್ರೆಯೇ ಸರಿ.

ಕುಡಿತದ ವಿಷಯ ಒತ್ತಿ ಹೇಳುತ್ತೇನೆ. ವರ್ಷಗಟ್ಟಲೆ ದಿನಾ ಕುಡಿಯುವವರು ಯಾವುದೋ ವಿಡಿಯೋ ನೋಡಿ ಒಂದೇ ದಿನ ಪೂರ್ತಿ ಬಿಟ್ಟರೆ ಕೈ ನಡುಕ, ಭ್ರಮೆ, ಫಿಟ್ಸ್ ಬರಬಹುದು. ಪ್ರಾಣಕ್ಕೇ ಅಪಾಯ ಆಗಬಹುದು. ಬಿಡಿಸುವ ಮೊದಲ ದಿನಗಳು ವೈದ್ಯರ ಕಣ್ಣೆದುರೇ ಆಗಲಿ. ಆಮೇಲೆ ಮತ್ತೆ ಹಿಡಿಯದಂತೆ ನೋಡಿಕೊಳ್ಳಲು ಫೋನ್ ಸಮಾಲೋಚನೆ ಬಹಳ ಉಪಯೋಗ.

ಹಣ ಕಟ್ಟುವ ಮೊದಲು

ನಾನು ನಮ್ಮ ಹುಡುಗರಿಗೆ ಈ ಮೆಸೇಜ್ ಬರೆದುಕೊಟ್ಟಿದ್ದೇನೆ. ನೀವೂ ಹಾಗೇ ಕಾಪಿ ಮಾಡಿ ಕಳಿಸಬಹುದು:

"ನಮಸ್ಕಾರ. ಸೇರುವ ಮುಂಚೆ ಕೆಲವು ವಿಷಯ ತಿಳಿಯಬೇಕಿತ್ತು. ನನ್ನ ಜೊತೆ ಮಾತಾಡುವವರ ಹೆಸರು, ಓದು, ನೋಂದಣಿ ಸಂಖ್ಯೆ ಏನು? ಪ್ರತಿ ಸಲವೂ ಅವರೇ ಇರುತ್ತಾರಾ? ಒಂದು ಸೆಷನ್ ಎಂದರೆ ನೇರ ಮಾತಾ, ರೆಕಾರ್ಡಿಂಗಾ, ಎಷ್ಟು ನಿಮಿಷ? ಕನ್ನಡದಲ್ಲಿ ಮಾತಾಡುತ್ತಾರಾ? ನಾನು ಹೇಳಿದ್ದನ್ನು ಎಲ್ಲಿ ಇಡುತ್ತೀರಿ, ಬೇರೆಯವರಿಗೆ ಕೊಡುತ್ತೀರಾ? ರಾತ್ರಿ ತುರ್ತು ಬಂದರೆ ಏನು ಮಾಡಬೇಕು? ಸರಿಹೋಗದಿದ್ದರೆ ಉಳಿದ ಹಣ ವಾಪಸ್ ಬರುತ್ತಾ?"

ಉತ್ತರದಲ್ಲಿ "ನಮ್ಮ ಎಕ್ಸ್‌ಪರ್ಟ್‌ಗಳು ನಿಮ್ಮ ಜೊತೆಗಿರುತ್ತಾರೆ" ಎಂಬಂಥ ಮಾತು ಮಾತ್ರ ಬಂದರೆ ಬಿಟ್ಟುಬಿಡಿ. "ಇವತ್ತು ಸೇರಿದರೆ ಅರ್ಧ ಬೆಲೆ" ಎಂದು ಅವಸರ ಮಾಡಿದರೂ ಬಿಟ್ಟುಬಿಡಿ. ಒಂದೊಂದಕ್ಕೂ ಬಿಡಿಸಿ ಉತ್ತರ ಬಂದರೆ ಪ್ಯಾಕೇಜ್ ಬೇಡ, ಒಂದೇ ಸೆಷನ್ ತಗೊಳ್ಳಿ. ರಸೀದಿ ಇಟ್ಟುಕೊಳ್ಳಿ. ಮೈಕಾಯಿಲೆಗೆ ಇರುವ ಹಾಗೇ ಮಾನಸಿಕ ಕಾಯಿಲೆಗೂ ಆರೋಗ್ಯ ವಿಮೆ ಇರಬೇಕು ಎಂದು 2017ರ ಕಾಯ್ದೆ ಹೇಳುತ್ತದೆ. ನಿಮ್ಮ ಪಾಲಿಸಿಯಲ್ಲಿ ಹೊರರೋಗಿ ಭೇಟಿ ಸೇರಿದೆಯಾ ಎಂದು ವಿಮೆಯವರನ್ನು ಕೇಳಿ. ನಾಲ್ಕೈದು ಭೇಟಿಯಾದರೂ ಏನೂ ಬದಲಾವಣೆ ಕಾಣದಿದ್ದರೆ ಅದನ್ನು ಅವರಿಗೇ ಹೇಳಿ. ವಿಧಾನ ಬದಲಿಸುತ್ತಾರೆ, ಇಲ್ಲವೇ ಬೇರೆಯವರ ಹತ್ತಿರ ಕಳಿಸುತ್ತಾರೆ. ಎರಡೂ ಮಾಡದಿದ್ದರೆ ನೀವೇ ಬೇರೆಯವರನ್ನು ಹುಡುಕಿ. ವೈದ್ಯರು ಮಾತ್ರೆ ಕೊಟ್ಟಿದ್ದರೆ ಮಾತ್ರ ಹೊಸಬರನ್ನು ನೋಡುವವರೆಗೆ ಅದನ್ನು ನೀವಾಗಿ ನಿಲ್ಲಿಸಬೇಡಿ. ಹಳೆಯ ಚೀಟಿಗಳನ್ನು ಜೊತೆಗೆ ತೆಗೆದುಕೊಂಡು ಹೋಗಿ.